ಕೊಸರಿಲ್ಲದ ಅಳತೆ

ಇದು ಆಗದ ಮಾತು ಎಂದವನು ನನ್ನ ಸೋದರಮಾವ ದುರಗಪ್ಪ. ಮರೆಯಲ್ಲಿ ಅಂದವನಲ್ಲ. ಮಸ್ಕಿಯ ಸಂತೆಯಲ್ಲಿ, ನಮ್ಮವ್ವ ತಿಪ್ಪವ್ವ ಮಂಡಾಳು, ಅಂದರೆ ಮಂಡಕ್ಕಿ, ಮಾರಲು ಹಾಸಿಕೊಂಡಿದ್ದ ಗೋಣಿತಟ್ಟಿನ ಎದುರಿಗೇ ಕೂತು, ನಾಲ್ಕು ಮಂದಿಗೆ ಕೇಳುವ ಹಾಗೆ ಅಂದ.

"ಕೇಳ್ರಪಾ ಇಲ್ಲಿ! ಮಂಡಾಳ ಅಳೆಯಾಕಿ ಮಗಳು ಇನ್ನ ಮ್ಯಾಲೆ ದವಾ ಅಳೀತಾಳಂತ. ಬಿ.ಎಸ್ಸಿ. ಆತು, ಸಾಲಲಿಲ್ಲ. ಈಗ ಇನ್ನೊಂದು ಪರೀಕ್ಷಾ ಅಂತ. ಯಕ್ಕಾ, ಹೆಣ್ಣುಹುಡುಗಿನ್ನ ಒಬ್ಬಾಕಿನ್ನ ಸಿಂಧನೂರಿಗೆ ಕಳಸ್ತಿ ಏನು? ಇದು ಆಗೂದಲ್ಲ, ಹೋಗೂದಲ್ಲ."

ಅವ್ವ ಸೇರು ತುಂಬುವುದನ್ನು ನಿಲ್ಲಿಸಲಿಲ್ಲ. "ಆಗಲಿಲ್ಲಂದ್ರ ತಿರುಗಿ ಬರ್ತಾಳ. ಬಸ್ ಏನು ಒಂದ ಕಡೆ ಹೋಗತೈತೇನು?"

"ಹಂಗಾದ್ರ ಇಷ್ಟ ಮಾತು. ಎರಡು ಸಲ ಕೂಡ್ಲಿ. ಎರಡನೇ ಸಲಾನೂ ಫೇಲಾದ್ಲಂದ್ರ ಬಂದು ನನ್ನ ಮಗನ್ನ ಲಗ್ನ ಆಗಬೇಕು. ತಂದಿ ಇಲ್ಲದ ಹುಡುಗಿ ಐತಿ. ನನಗೂ ಹಕ್ಕೈತಿ."

ಅವ್ವ ಹೂಂ ಅಂದಳು. ನನ್ನನ್ನು ಯಾರೂ ಕೇಳಲಿಲ್ಲ. ಆ ಒಂದು ಹೂಂ ತಲೆಯ ಮೇಲೆ ಹೊತ್ತುಕೊಂಡೇ ನಾನು ಸಿಂಧನೂರಿನ ಬಸ್ಸು ಹತ್ತಿದೆ.

ಮಸ್ಕಿ ಬಿಟ್ಟ ಮೇಲೆ ಸ್ವಲ್ಪ ಹೊತ್ತು ನಮ್ಮ ನೆಲವೇ ಇತ್ತು: ಜಾಲಿ, ಕಲ್ಲು, ಸಜ್ಜೆಯ ಕೂಳೆ. ಆಮೇಲೆ ಒಂದು ತಿರುವಿನಲ್ಲಿ ಭೂಮಿಯೇ ಕಾಣೆಯಾಯಿತು. ರಸ್ತೆಯ ಎರಡೂ ಮಗ್ಗಲು ಬರೀ ನೀರು. ನೀರಿನಲ್ಲಿ ಸೀರೆ ಎತ್ತಿಕಟ್ಟಿದ ಹೆಂಗಸರು ಸಾಲಾಗಿ ಬಗ್ಗಿ ನಿಂತಿದ್ದರು. ಕೆರೆ ಒಡೆದು ಮನೆಗಳು ಕೊಚ್ಚಿಹೋಗಿವೆ, ಪಾಪ, ಸಾಮಾನು ಹುಡುಕುತ್ತಿದ್ದಾರೆ ಎಂದುಕೊಂಡು ನಾನು ಎದ್ದು ನಿಂತುಬಿಟ್ಟೆ.

"ಕೆರಿ ಒಡದೈತ್ರೀ! ಬಸ್ ನಿಲ್ಲಸ್ರೀ!"

ಕಂಡಕ್ಟರ್ ತಿರುಗಿ ನೋಡಿದ. "ಯಾವೂರು ತಂಗಿ ನಿಂದು?"

"ಮಸ್ಕಿ ಕಡೆ."

"ಅದಕ್ಕ. ಕುಂದ್ರು. ನೆಲ್ಲು ಹಚ್ಚಾಕತ್ತಾರ."

ಬಸ್ಸಿಗೆ ಬಸ್ಸೇ ನಕ್ಕಿತು. ಲಿಂಗಸುಗೂರಿನ ಹೈಸ್ಕೂಲು, ಅಲ್ಲಿಂದ ರಾಯಚೂರಿನ ಕಾಲೇಜು. ನಾನು ಓದಿದ ದಾರಿ ಎಲ್ಲ ಒಣನೆಲದ್ದೇ. ಕಾಲುವೆಯ ನೀರು ಬಂದಿದೆ ಎಂದು ಕೇಳಿದ್ದೆನೇ ಹೊರತು, ಅದು ನೆಲವನ್ನು ಹೀಗೆ ಮುಚ್ಚಿ ಹಾಕುತ್ತದೆ ಎಂದು ತಿಳಿದಿರಲಿಲ್ಲ. ಅವ್ವ ಹುರಿದು ಮಾರುವ ಮಂಡಾಳಿನ ಭತ್ತ ಬೆಳೆಯುವುದು ಹೀಗೆ ಎಂಬುದೂ ಗೊತ್ತಿರಲಿಲ್ಲ.

ನಮ್ಮ ಕಡೆಯವರು ಸಿಕ್ಕಾಗಲೆಲ್ಲ ಕೇಳುತ್ತಾರೆ: ಕೂಗಳತೆಯ ಊರಿಗೆ ಹೋಗಿ ಅದೇನು ಪರದೇಶಕ್ಕೆ ಹೋದವಳ ಹಾಗೆ ಮಾತಾಡುತ್ತೀ? ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ದೂರವನ್ನು ಮೈಲಿಯಲ್ಲಿ ಅಳೆಯಬೇಡಿ.

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಬಿ.ಎಸ್ಸಿ. ಮಾಡಿದ ಹುಡುಗಿಗೆ ನಮ್ಮ ಸೀಮೆಯಲ್ಲಿ ಕೆಲಸವಿರಲಿಲ್ಲ. ಸಿಂಧನೂರಿನ ಔಷಧಿ ಅಂಗಡಿಯ ಖಾಜಾ ಸಾಹೇಬರು ಹಳೆಯ ಹೈದರಾಬಾದಿನಲ್ಲಿ ಕಲಿತವರು, ನೋಂದಣಿಯಾದ ಫಾರ್ಮಸಿಸ್ಟ್. ಅಂಥವರ ಕೈಕೆಳಗೆ ಕೆಲಸ ಕಲಿತು, ಬೆಂಗಳೂರಿನಲ್ಲಿ ನಡೆಯುವ ಪರೀಕ್ಷೆ ಪಾಸಾದರೆ ನನ್ನ ಹೆಸರೂ ನೋಂದಣಿಯಾಗುತ್ತದೆ, ನಾನೇ ಔಷಧಿ ಕೊಡಬಹುದು ಎಂದು ತಿಳಿದಿತ್ತು. ಸಾಹೇಬರಿಗೆ ಕಣ್ಣು ಮಂಜಾಗುತ್ತಿತ್ತು, ಓದಿದವರೊಬ್ಬರು ಬೇಕಾಗಿತ್ತು. "ಹುಡುಗನ್ನ ಕೇಳಿದ್ದೆ, ಹುಡುಗಿ ಬಂದಾಳ. ಬರ್ಲಿ, ಇಂಗ್ಲಿಷ್ ಓದಾಕ ಮೀಸಿ ಯಾಕ ಬೇಕು?" ಎಂದು ಅವರೇ ಅಂದು, ಅವರೇ ನಕ್ಕರು.

ಕೆಲಸ ಸಿಕ್ಕಿತು, ಮನೆ ಸಿಗಲಿಲ್ಲ. ಊರೊಳಗೆ ಕೇಳಿದ ಮನೆಗಳಲ್ಲೆಲ್ಲ ಎರಡೇ ಪ್ರಶ್ನೆ: ಯಾವ ಪೈಕಿ? ಗಂಡ ಎಲ್ಲಿ? ಕೊನೆಗೆ ಜಾಗ ಸಿಕ್ಕದ್ದು ಊರ ಹೊರಗಿನ ಕ್ಯಾಂಪಿನಲ್ಲಿ. ಕ್ಯಾಂಪ್ ಅಂದರೆ ಕಾಲುವೆಯ ನೀರು ನಂಬಿ ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಹಟ್ಟಿ. ಅಲ್ಲಿ ಸುಬ್ಬಮ್ಮ ಎಂಬ ವಿಧವೆ, ಎರಡು ಎಮ್ಮೆ ಕಟ್ಟಿಕೊಂಡು ಹಾಲು ಮಾರುತ್ತಿದ್ದಳು. ಅವಳು ಕೇಳಿದ್ದು ಬೇರೆಯೇ ಪ್ರಶ್ನೆ.

"ಮಂದುಲ ಷಾಪು ಅಮ್ಮಾಯಿವಾ? ಮೋಕಾಲಿಕಿ ಏದೈನಾ ಉಂದಾ?"

ಔಷಧಿ ಅಂಗಡಿಯ ಹುಡುಗಿಯೇನು, ನನ್ನ ಮೊಣಕಾಲಿಗೆ ಏನಾದರೂ ಇದೆಯೇ ಎಂದು. ಸೊಂಟದ ಮೇಲೆ ಕೊಡ ಇಟ್ಟುಕೊಂಡೇ ಕೇಳಿದಳು. ಮುಲಾಮು ತಂದುಕೊಡುವೆನೆಂದೆ. ಎಮ್ಮೆಯ ಕೊಟ್ಟಿಗೆಗೆ ಅಂಟಿಕೊಂಡ ಕೋಣೆ ನನ್ನದಾಯಿತು.

ಅಲ್ಲಿಂದ ನನ್ನ ಪರದೇಶವಾಸ ಶುರುವಾಯಿತು. ನಮ್ಮಲ್ಲಿ ಸಂಜೆಯಾದರೆ ಓಣಿಯ ತುಂಬ ರೊಟ್ಟಿ ಬಡಿಯುವ ಸಪ್ಪಳ. ಇಲ್ಲಿ ಆ ಹೊತ್ತಿಗೆ ಕಪ್ಪೆಗಳು ಒದರಲು ಹತ್ತುತ್ತಿದ್ದವು, ಒಲೆಯ ಮೇಲೆ ಅನ್ನ ಸದ್ದಿಲ್ಲದೆ ಬೇಯುತ್ತಿತ್ತು. ಬೆಳಿಗ್ಗೆ ಅನ್ನ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಹೊಟ್ಟೆ ತುಂಬುತ್ತಿತ್ತು, ಉಂಡ ಹಾಗೆ ಆಗುತ್ತಿರಲಿಲ್ಲ. ನಮ್ಮೂರ ಬಿಸಿಲಿಗೆ ಪುಸ್ತಕದ ಹಾಳೆ ಒಣಗಿ ಮುರಿಯುತ್ತದೆ. ಇಲ್ಲಿ ಅದೇ ಪುಸ್ತಕ ತಂಪಿಗೆ ಉಬ್ಬಿ, ರಟ್ಟಿನ ಮೇಲೆ ಬೂಸಲು ಬಂತು. ಚಳಿಜ್ವರ ನನ್ನನ್ನೂ ಬಿಡಲಿಲ್ಲ. ಕ್ವಿನೈನಿನ ಕಹಿಯನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ.

ಜ್ವರದಲ್ಲಿ ಬಾಯಿ ಕೆಟ್ಟಿದ್ದಾಗ ಸುಬ್ಬಮ್ಮ ಗೋಂಗೂರದ ಚಟ್ನಿ ತಂದಿಟ್ಟಳು. ನಾಲಿಗೆಗೆ ತಾಕಿದೊಡನೆ ಎದ್ದು ಕೂತೆ. ಅದು ನಮ್ಮ ಪುಂಡಿಪಲ್ಯ! ಹೆಸರು ಬೇರೆ, ಎಲೆ ಅದೇ, ಹುಳಿ ಅದೇ. ತಿನ್ನುತ್ತ ಅತ್ತೆ. ಖಾರ ಹೆಚ್ಚಾಯಿತೆಂದು ಅವಳು ತಿಳಿದಳು, ತುಪ್ಪ ತಂದಳು.

ತೆಲುಗಿನಲ್ಲಿ ನನಗೆ ಮೊದಲು ಬಂದದ್ದು ನೋವಿನ ಮಾತುಗಳು. ದಗ್ಗು ಅಂದರೆ ಕೆಮ್ಮು, ಕಡುಪು ನೊಪ್ಪಿ ಅಂದರೆ ಹೊಟ್ಟೆನೋವು. ಅಂಗಡಿಗೆ ಬರುವವರು ಬೇರೇನು ಹೇಳುತ್ತಾರೆ? ನಗುವಿಗೆ ಏನನ್ನುತ್ತಾರೆ ಎಂದು ತಿಳಿಯಲು ತಿಂಗಳುಗಳೇ ಹಿಡಿದವು. ಆದರೆ ಒಂದು ಶಬ್ದವನ್ನು ಕಲಿಯಬೇಕಾಗಲೇ ಇಲ್ಲ. ಸುಬ್ಬಮ್ಮ ಹಾಲು ಅಳೆದು ಹಾಕಿದ ಮೇಲೆ ಪ್ರತಿಸಲ ಒಂದಿಷ್ಟು ಹೆಚ್ಚಿಗೆ ಸುರಿದು, "ಇದಿಗೋ, ಕೊಸರು" ಅನ್ನುತ್ತಿದ್ದಳು. ಕೊಸರು! ಅವ್ವನ ಬಾಯಿಯ ಮಾತು ಪರ ಊರಿನ ಹೆಂಗಸಿನ ಬಾಯಲ್ಲಿ.

ಕೊಸರಿನ ಬಗ್ಗೆ ಸ್ವಲ್ಪ ಹೇಳಬೇಕು, ಯಾಕಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ನಾನು ನಡೆಯಲು ಕಲಿತದ್ದೇ ಅವ್ವನ ಸೇರಿನ ಸುತ್ತ. ಮಂಡಾಳು ಅಳೆಯುವಾಗ ಅವಳು 'ಒಂದು' ಎಂದು ಎಣಿಸುವುದಿಲ್ಲ. ಮೊದಲ ಸೇರಿಗೆ 'ಲಾಭ' ಅನ್ನುತ್ತಾಳೆ, ಆಮೇಲೆ ಎರಡು, ಮೂರು. ಸೇರಿನ ತಲೆ ಗೋಪುರದ ಹಾಗೆ ಉಬ್ಬಿರಬೇಕು, ಕೈಯಿಂದ ಸವರಿ ಸಮ ಮಾಡಬಾರದು. ಎಲ್ಲ ಅಳೆದಾದ ಮೇಲೆ ಕೊನೆಗೊಂದು ಹಿಡಿ ಮೇಲೆ ಹಾಕಬೇಕು. ಅದು ಕೊಸರು. ಕೊಸರು ಕೊಡದವಳ ಗೋಣಿತಟ್ಟಿಗೆ ಮರುವಾರ ಯಾರೂ ಬರುವುದಿಲ್ಲ. ಬಂದ ಗಿರಾಕಿಯ ಸೆರಗು ಹಿಡಿದ ಮಗುವಿಗೆ ಬೇರೆಯೇ ಒಂದು ಹಿಡಿ. ಕಾಲೇಜಿನ ರಜೆಯಲ್ಲೂ ನಾನು ಆ ತಟ್ಟಿನ ಮೇಲೆ ಕೂತು ಅಳೆದವಳು. ಅಳೆಯುವುದು ನನಗೆ ಕಲಿತ ವಿದ್ಯೆಯಲ್ಲ, ಕೈಯೇ ಹಾಗೆ ಬೆಳೆದಿತ್ತು.

ಬೆಂಗಳೂರಿನಲ್ಲಿ ಮೊದಲ ಸಲ ಪರೀಕ್ಷೆಗೆ ಕೂತಾಗ ಬರೆಯುವ ಪತ್ರಿಕೆಗಳು ಚೆನ್ನಾಗಿ ಆದವು. ಮರುದಿನ ಪ್ರಯೋಗದ ಪರೀಕ್ಷೆ. ಮಗುವಿನ ಹೊಟ್ಟೆನೋವಿಗೆ ಒಂದು ಮಿಕ್ಸ್ಚರ್ ಮಾಡಬೇಕಿತ್ತು. ಅದರಲ್ಲಿ ಬೆಲ್ಲಡೋನಾದ ಟಿಂಕ್ಚರ್ ಬೀಳುತ್ತದೆ. ಅಳತೆಯಲ್ಲಿದ್ದರೆ ಔಷಧಿ, ಮೀರಿದರೆ ವಿಷ. ನಾನು ಗಾಜಿನ ಅಳತೆಯಲ್ಲಿ ಗೀಟಿಗೆ ಸರಿಯಾಗಿ ಹಿಡಿದೆ, ಮಿಕ್ಸ್ಚರಿಗೆ ಸುರಿದೆ, ಬೂಚು ಹಾಕಿ ಅಲ್ಲಾಡಿಸಿ ಮೇಜಿನ ಮೇಲಿಟ್ಟೆ. ಹಿಂದೆ ನಿಂತಿದ್ದ ಪರೀಕ್ಷಕರು ಮುಂದೆ ಬಂದರು. ಮೈಸೂರು ಕಡೆಯ ವಯಸ್ಸಾದ ಗೃಹಸ್ಥರು.

"ಅಳತೆ ಸರಿಯಾಗಿ ಮಾಡಿದ್ರಿ. ಆಮೇಲೆ ಮಾಡಿದ್ರಲ್ಲ, ಅದೇನಮ್ಮ?"

"ಯಾವುದು ಸರ್?"

"ಅಳತೆಯದ್ದು ಸುರಿದಾದ ಮೇಲೆ, ಟಿಂಕ್ಚರ್ ಬಾಟಲಿಯಿಂದ ನೇರವಾಗಿ ಇನ್ನೊಂದಿಷ್ಟು ಹಾಕಿದ್ರಿ."

ಹಾಕಿಲ್ಲ ಸರ್ ಎಂದು ಹೇಳಲು ಬಾಯಿ ತೆರೆದೆ. ನನ್ನ ಬಲಗೈ ನೋಡಿಕೊಂಡೆ. ಬೆರಳಿಗೆ ಟಿಂಕ್ಚರಿನ ಹಸಿರು ಹತ್ತಿತ್ತು. ಆಗ ತಿಳಿಯಿತು.

"ಕೊಸರು, ಸರ್," ಅಂದೆ.

ಅವರು ನಗಲಿಲ್ಲ. "ಇದನ್ನ ಕುಡಿಯೋದು ನಿಮ್ಮನೆ ಮಗು ಅಂದ್ಕೊಳ್ಳಿ. ಆಗಲೂ ಹಾಕ್ತಿದ್ರಾ?"

"ನಮ್ಮ ಕಡೆ ಮಕ್ಕಳಿಗೇ ಹೆಚ್ಚು ಹಾಕ್ತೀವಿ, ಸರ್."

ಅವರು ನನ್ನ ಬೆರಳಿನ ಹಸಿರು ನೋಡಿದರು. "ಹೋಗಿ ಬನ್ನಿ. ಆ ಕೈಗೆ ಬುದ್ಧಿ ಹೇಳ್ಕೊಂಡು ಮತ್ತೆ ಬನ್ನಿ," ಎಂದರು. ಅದರಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ರೈಲಿನಲ್ಲಿ ಬರುವಾಗ ಕೈಯನ್ನು ಸೆರಗಿನೊಳಗೆ ಸುತ್ತಿಟ್ಟುಕೊಂಡು ಕೂತಿದ್ದೆ. ಓದಿದ್ದು ಮರೆತು ಫೇಲಾಗಿದ್ದರೆ ಮತ್ತೆ ಓದಬಹುದಿತ್ತು. ಅವ್ವ ಕಲಿಸಿದ್ದು ಮರೆಯದೆ ಫೇಲಾಗಿದ್ದೆ. ಇನ್ನುಳಿದದ್ದು ಒಂದೇ ಸಲ. ಅದೂ ತಪ್ಪಿದರೆ ಮಸ್ಕಿಯ ಬಸ್ಸು, ಮಾವನ ಮನೆ, ಅವನ ಮಗನ ತಾಳಿ. ಹುಡುಗ ಕೆಟ್ಟವನಲ್ಲ. ಆದರೆ ನಾನು ಓದಿದ್ದೆಲ್ಲ ಒಂದು ಮನೆಯ ಅಟ್ಟದ ಮೇಲೆ ಧೂಳು ಹಿಡಿಯುತ್ತಿತ್ತು.

ಸಾಹೇಬರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ನೀ ಹಂಗ ಹಾಕೂದು ನಾನೂ ನೋಡೀನಿ ಬೇಟಿ. ಶೀಸೆ ತುಂಬಾಕ ನೀರು ಹಾಕ್ತೀ ಅಂತ ತಿಳಕೊಂಡೆ. ವಿಷದ ಕಪಾಟು ನನ್ನ ಕೈಯಾಗ ಇತ್ತಲ್ಲ, ಅದಕ್ಕ ಗೊತ್ತಾಗಲಿಲ್ಲ. ಇವತ್ತಿನಿಂದ ಅದರ ಚಾವಿ ನಿನ್ನ ಕಡೆ."

"ನನ್ನ ಕಡೆ? ಈ ಕೈಗೆ?"

"ಆ ಕೈಗೇ. ಅಂಜಿಕೆ ಇಲ್ಲದ ಕೈ ಕಲಿಯೂದಿಲ್ಲ."

ಆಮೇಲಿನ ಸಂಜೆಗಳೆಲ್ಲ ನೀರು ಅಳೆಯುವುದರಲ್ಲಿ ಹೋದವು. ಸಾಹೇಬರು ಹೇಳಿಕೊಟ್ಟ ಕ್ರಮ ಒಂದೇ: ಅಳೆದು ಸುರಿದೊಡನೆ ದೊಡ್ಡ ಬಾಟಲಿಗೆ ಬೂಚು ಹಾಕು, ಕಪಾಟಿನ ಮೇಲಿನ ಹಲಗೆಗೆ ಇಡು, ಬಾಗಿಲು ಮುಚ್ಚು, ಆಮೇಲೆ ಉಸಿರು ಬಿಡು. ಕೈಗೆ ತಿರುಗಿ ಹೋಗಲು ದಾರಿಯೇ ಇರಬಾರದು. ನಮ್ಮ ಸೇರಿನ ತಲೆ ಉಬ್ಬಿರುತ್ತದೆ. ಗಾಜಿನ ಅಳತೆಯಲ್ಲಿ ನೀರಿನ ನಡು ತಗ್ಗಿರುತ್ತದೆ. ಕಣ್ಣನ್ನು ಅದರ ಮಟ್ಟಕ್ಕೆ ಇಳಿಸಿ ಆ ತಗ್ಗಿನ ತಳವನ್ನು ಓದಬೇಕು. ಅಲ್ಲಿ ಎಷ್ಟು ಏರಿತು ಎಂದು ನೋಡುವುದು, ಇಲ್ಲಿ ಎಷ್ಟು ಇಳಿಯಿತು ಎಂದು ನೋಡುವುದು. ಎರಡು ಊರಿನ ನಡುವಿನ ದೂರ ನನಗೆ ಅರ್ಥವಾದದ್ದು ಹಾಗೆ.

ಕೈ ಕಲಿಯುತ್ತಿತ್ತು, ಮನಸ್ಸು ಒಪ್ಪುತ್ತಿರಲಿಲ್ಲ. ಪ್ರತಿಸಲ ಬೂಚು ಹಾಕುವಾಗಲೂ ಯಾರಿಗೋ ಮೋಸ ಮಾಡಿದ ಹಾಗೆ ಅನಿಸುತ್ತಿತ್ತು.

ನಾಟಿಯ ದಿನಗಳಲ್ಲಿ ನಮ್ಮ ಒಣಸೀಮೆಯ ಹೆಂಗಸರು ಜವಳಗೇರಾ, ಗೊರೇಬಾಳದ ಗದ್ದೆಗಳಿಗೆ ಕೂಲಿಗೆ ಬರುತ್ತಾರೆ. ಒಂದು ಮಧ್ಯಾಹ್ನ ಅಂಥವಳೊಬ್ಬಳು ಬಂದಳು. ಕಾಲಿಗೆ ಕೆಸರು ಹಾಗೇ ಇತ್ತು. ಹೆಗಲ ಮೇಲೆ ಜ್ವರದ ಮಗಳು. ಕೈಯಲ್ಲಿ ಡಾಕ್ಟರರ ಚೀಟಿ, ತೊಳೆದ ಎಣ್ಣೆಯ ಶೀಸೆ. ನಾನು ಶೀಸೆಯನ್ನು ಬಿಸಿನೀರಿನಲ್ಲಿ ಮತ್ತೆ ತೊಳೆದು, ಮಿಕ್ಸ್ಚರ್ ಅಳೆದು ಹಾಕಿ, ಖುರಾಕು ತೋರಿಸಲು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿದೆ. ಒಂದು ಹಲ್ಲು ಒಂದು ಹೊತ್ತಿಗೆ. ಅವಳು ಶೀಸೆಯನ್ನು ಬೆಳಕಿಗೆ ಹಿಡಿದಳು. ಕತ್ತಿನ ತನಕ ತುಂಬಿರಲಿಲ್ಲ.

"ಯಕ್ಕಾರ, ಕೊಸರು ಹಾಕ್ರೀ. ಗೊರೇಬಾಳದಿಂದ ಹೊತಗೊಂಡು ನಡದೀನಿ."

"ಇದಕ್ಕ ಹಾಕಾಕ ಬರೂದಿಲ್ಲವ್ವ."

ನನ್ನ ಮಾತು ಕೇಳಿ ಅವಳು ತಲೆ ಎತ್ತಿದಳು. "ನೀ ನಮ್ಮ ಕಡೆಯಾಕಿ ಅಲ್ಲ? ಯಾವೂರು?"

"ಮಸ್ಕಿ."

"ಮಂಡಾಳದ ತಿಪ್ಪವ್ವನ ಮಗಳೇನು ನೀ? ಓದಾಕತ್ತಾಳ ಅಂತಿದ್ರಲ್ಲ?" ಹೂಂ ಅಂದೆ. ಅವಳ ಮುಖ ಬಿಗಿಯಿತು. "ನಿಮ್ಮವ್ವ ಹಿಡಿಗಟ್ಟಲೆ ಹಾಕ್ತಾಳ. ಕಾಲುವಿ ನೀರು ಕುಡುದು ನಿನ್ನ ಕೈ ಬಿಗಿ ಆಗೇತಿ ನೋಡಬೇ."

ಆ ಮಾತು ನೇರ ಬಂದು ತಾಗಿತು. ಬಾಟಲಿಗೆ ಆಗಲೇ ಬೂಚು ಬಿದ್ದಿತ್ತು, ಕಪಾಟಿನ ಬಾಗಿಲು ಮುಚ್ಚಿತ್ತು. ಆದರೆ ಬಲಗೈ ಸುಮ್ಮನಿರಲು ಒಲ್ಲದು. ಅದು ಗಲ್ಲೆಯ ಮೇಜಿನ ಕೆಳಗೆ ಹೋಯಿತು. ಅವ್ವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಆಗಾಗ ಕಳಿಸುವ ಮಂಡಾಳಿನ ಡಬ್ಬಿ ಅಲ್ಲಿತ್ತು. ಒಂದು ಹಿಡಿ ತೆಗೆದು ಆ ಮಗುವಿನ ಅಂಗೈಗೆ ಹಾಕಿದೆ. ಮೇಲೊಂದಿಷ್ಟು ಮತ್ತೆ ಹಾಕಿದೆ.

"ದವಾಕ್ಕ ಕೊಸರು ಹಾಕಿದ್ರ ಈ ಕೂಸಿನ ಜೀವಕ್ಕ ಕುತ್ತವ್ವ. ಇದ ತಗೋ. ಇದು ನಮ್ಮವ್ವಂದ."

ಜ್ವರದ ಕೂಸು ಒಂದೇ ಒಂದು ಕಾಳು ಬಾಯಿಗೆ ಹಾಕಿಕೊಂಡು ಚೀಪಿತು. ಹೆಂಗಸು ಶೀಸೆಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. "ಹಂಗಂತ ಮೊದಲ ಹೇಳಬಾರದೇನ," ಎಂದು ಗೊಣಗುತ್ತ ಮೆಟ್ಟಿಲು ಇಳಿದಳು. ಕೆಲವು ದಿನ ಬಿಟ್ಟು ಅದೇ ಮಗು ತಾಯಿಯ ಕೈ ಹಿಡಿದು ನಡೆದುಕೊಂಡು ಬಂದು, ಔಷಧಿ ಕೇಳದೆ, ಗಲ್ಲೆಯ ಕೆಳಗೆ ಬೆರಳು ತೋರಿಸಿತು.

ಆ ದಿನದಿಂದ ನನ್ನ ಕೈ ತಣ್ಣಗಾಯಿತು. ಕೊಡಬೇಕು ಎಂಬ ಅದರ ಹಟ ತಪ್ಪಾಗಿರಲಿಲ್ಲ. ಯಾವ ಡಬ್ಬಿಯಿಂದ ಎಂಬುದಷ್ಟೇ ಅದಕ್ಕೆ ತಿಳಿಯಬೇಕಿತ್ತು.

ಎರಡನೆಯ ಸಲ ಬೆಂಗಳೂರಿಗೆ ಹೋದಾಗ ಅದೇ ಕೋಣೆ, ಅದೇ ಪರೀಕ್ಷಕರು. ಈ ಸಲ ಬೇರೆ ಮಿಕ್ಸ್ಚರ್, ಆದರೆ ಅದರಲ್ಲೂ ಒಂದು ವಿಷದ ಅಂಶ. ಗಾಜಿನ ಮಟ್ಟಕ್ಕೆ ಕಣ್ಣು ಇಳಿಸಿದೆ. ಸುರಿದೆ. ಬೂಚು ಹಾಕಿದೆ. ಬಾಟಲಿಯನ್ನು ಮೇಜಿನ ಆಚೆಯ ತುದಿಗೆ ದೂಡಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತೆ. ಆಮೇಲೆ ಉಸಿರು ಬಿಟ್ಟೆ. ಪರೀಕ್ಷಕರು ನನ್ನ ಮಿಕ್ಸ್ಚರ್ ನೋಡಲಿಲ್ಲ, ಬೆನ್ನ ಹಿಂದಿನ ಕೈ ನೋಡಿದರು.

"ಕೈ ಏನನ್ನುತ್ತೆ?"

"ಬುದ್ಧಿ ಕಲ್ತೈತ್ರೀ ಸರ್," ಅಂದೆ. ಗಾಬರಿಯಲ್ಲಿ ಊರ ಮಾತೇ ಬಂದುಬಿಟ್ಟಿತ್ತು. ಅವರು ಈ ಸಲ ನಕ್ಕರು.

ಪ್ರಮಾಣಪತ್ರ ಅಂಚೆಯಲ್ಲಿ ಬಂದಾಗ ಅಂಗಡಿಯಲ್ಲಿ ಸಾಹೇಬರಿದ್ದರು. ಹಾಲು ಹಾಕಲು ಬಂದ ಸುಬ್ಬಮ್ಮನೂ ಇದ್ದಳು. ಅವಳು ಅದನ್ನು ಮುಟ್ಟದೆ, ನನ್ನ ಎರಡೂ ಕೆನ್ನೆ ಮುಟ್ಟಿ ನೆಟಿಕೆ ಮುರಿದಳು. ಅವ್ವನಿಗೆ ಕಂಡಕ್ಟರ್ ಕೈಯಲ್ಲಿ ಹೇಳಿಕಳಿಸಿದೆ.

ಈಗ ನಾನು ಯಾವ ಊರಿನವಳು ಎಂದು ಕೇಳಿದರೆ ತಡವರಿಸುತ್ತೇನೆ. ಮಸ್ಕಿಗೆ ಹೋದರೆ ಸೊಳ್ಳೆಯಿಲ್ಲದ ರಾತ್ರಿ ನಿದ್ದೆ ಹತ್ತುವುದಿಲ್ಲ, ಕಪ್ಪೆಯ ಸದ್ದಿಗೆ ಕಿವಿ ಹುಡುಕುತ್ತದೆ. ಅವ್ವನ ತಟ್ಟಿನ ಮೇಲೆ ಕೂತು ಅಳೆದರೆ ಸೇರು ಅಂಚಿಗೆ ಸರಿಯಾಗಿ ನಿಂತುಬಿಡುತ್ತದೆ, ಗಿರಾಕಿಗಳು ಮುಖ ನೋಡುತ್ತಾರೆ. "ನೀ ಏಳಬೇ, ಯಾಪಾರ ಕೆಡಸ್ತಿ," ಎಂದು ಅವ್ವ ಎಬ್ಬಿಸುತ್ತಾಳೆ. ಸಿಂಧನೂರಿಗೆ ಬಂದರೆ ಇಲ್ಲಿನವರಿಗೆ ನಾನು ಮಂಡಾಳು ಕೊಡುವ ಮಸ್ಕಿಯವಳು. ಎರಡೂ ಕಡೆ ಮನೆಯಿದೆ, ಎರಡೂ ಕಡೆ ಸ್ವಲ್ಪ ಹೊರಗಿನವಳು.

ಹೇಳಿಕಳಿಸಿದ ಮೇಲೆ ಅವ್ವ ಅಂಗಡಿಗೆ ಬಂದದ್ದು ಸಂತೆಯಿಲ್ಲದ ಒಂದು ದಿನ. ದುರಗಪ್ಪ ಮಾವನೂ ಜೊತೆಗೆ ಬಂದಿದ್ದ. ಬಸ್ಸಿನ ಬಿಸಿಲಿಗೆ ಅವನಿಗೆ ತಲೆ ಸಿಡಿಯುತ್ತಿತ್ತು. ಗಲ್ಲೆಯ ಆಚೆ ನಿಂತು, ಗೋಡೆ ನೋಡುತ್ತ ಅಂದ:

"ತಲಿನೋವಿಗೆ ಏನರ ಐತೇನು ನಿನ್ನ ಕಡೆ?"

ಒಂದು ಗುಳಿಗೆ ತೆಗೆದು ಅವನ ಅಂಗೈಗೆ ಹಾಕಿದೆ.

"ಒಂದ?"

"ಒಂದ ಮಾವ. ನೀರು ಹೆಚ್ಚಿಗೆ ಕುಡಿ."

ಅವನು ಅದನ್ನೇ ನುಂಗಿದ. ಲಗ್ನದ ಮಾತು ಅಲ್ಲಿಗೆ ಮುಗಿಯಿತು.

ನಾನು ಕಪಾಟಿನ ಬಾಗಿಲು ತೆರೆದು, ಪ್ರಮಾಣಪತ್ರ ತೆಗೆದು ಅವ್ವನ ಕೈಗಿತ್ತೆ. ಅವಳು ಮೊದಲು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮುದ್ರೆಯ ಮೇಲೆ ಬೆರಳಾಡಿಸಿದಳು. ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ತೋರಿಸಿದ ಕಡೆ ಬಹಳ ಹೊತ್ತು ನೋಡಿದಳು. ಆಮೇಲೆ ಹಾಳೆಯನ್ನು ಹಿಂದೆ ತಿರುಗಿಸಿದಳು. ಅಲ್ಲಿ ಏನೂ ಇರಲಿಲ್ಲ.

"ಇಷ್ಟು ವರ್ಸ ಓದಿಸಿ ಇದೊಂದ ಹಾಳಿ ಕೊಟ್ಟಾರೇನಬೇ?" ಅಂದಳು. ಕಣ್ಣು ತುಂಬಿತ್ತು. "ಕೊಸರು ಏನೂ ಹಾಕಿಲ್ಲಲ್ಲ."